ಮಾರ್ಥಾ ವಾಷಿಂಗ್ಟನ್ ಇನ್

ಮಾರ್ಥಾ ವಾಷಿಂಗ್ಟನ್ ಇನ್ ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಜೀನಿಯಾ ರಾಜ್ಯದ ನೈಋತ್ಯ ಮೂಲೆಯಲ್ಲಿರುವ ಅಬಿಂಗ್ಡನ್ ಪಟ್ಟಣದ ಒಂದು ಐತಿಹಾಸಿಕ ಹೋಟೆಲು. 1832ರಲ್ಲಿ ಫ್ರಾನ್ಸಿಸ್ ಪ್ರೆಸ್ಟನ್ ಎಂಬ ಸೇನಾನಿಯ ಕುಟುಂಬಕ್ಕಾಗಿ ಕಟ್ಟಿದ ಈ ಇಟ್ಟಿಗೆಯ ಮನೆಯನ್ನು 1858ರಲ್ಲಿ ಹೆಣ್ಣುಮಕ್ಕಳ ವಸತಿ ವಿದ್ಯಾಲಯವೊಂದಕ್ಕಾಗಿ ಕೊಳ್ಳಲಾಯಿತು. ಮಾರ್ಥಾ ವಾಷಿಂಗ್ಟನ್ ಕಾಲೇಜು ಎಂಬ ಹೆಸರಿನ ಆ ಸಂಸ್ಥೆ ಸುಮಾರು ಎಪ್ಪತ್ತು ವರ್ಷ ನಡೆದು 1930ರ ದಶಕದ ಆರಂಭದಲ್ಲಿ ಮುಚ್ಚಿತು. 1935ರಲ್ಲಿ ಕಟ್ಟಡವು ಹೋಟೆಲಾಗಿ ಪುನಃ ಬಾಗಿಲು ತೆರೆಯಿತು. ಸ್ಥಳೀಯರು ಇದನ್ನು 'ದಿ ಮಾರ್ಥಾ' ಎಂದಷ್ಟೇ ಕರೆಯುತ್ತಾರೆ.

ಕಟ್ಟಡವು ಮನೆಯಾಗಿದ್ದದ್ದು 26 ವರ್ಷ ಮಾತ್ರ. ಇಂದು ಅದರ ವಿಷಯವಾಗಿ ಪ್ರಚಾರದಲ್ಲಿರುವ ಬರಹಗಳಲ್ಲಿ ಪ್ರೆಸ್ಟನ್ ಮನೆತನದ ವೈಭವ, ಹೋಟೆಲಿಗೆ ಬಂದುಹೋದ ಗಣ್ಯರು ಮತ್ತು ದೆವ್ವದ ಕತೆಗಳು ಹೆಚ್ಚಿನ ಸ್ಥಳವನ್ನು ಪಡೆದಿವೆ. ನಡುವಿನ ಎಪ್ಪತ್ತು ವರ್ಷಗಳ ಶಾಲಾ ಜೀವನ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆದರೆ ಕಟ್ಟಡಕ್ಕೆ ಹೆಸರು ಬಂದದ್ದು ಆ ಶಾಲೆಯಿಂದಲೇ.

ಹೆಸರು

ಮಾರ್ಥಾ ವಾಷಿಂಗ್ಟನ್ (1731–1802) ಅಮೆರಿಕದ ಮೊದಲ ರಾಷ್ಟ್ರಾಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಪತ್ನಿ. ವರ್ಜೀನಿಯಾ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ ಅನುಕೂಲಸ್ಥ ಮನೆತನಗಳ ಹೆಣ್ಣುಮಕ್ಕಳಿಗೆ ಮನೆಯೇ ಶಾಲೆಯಾಗಿತ್ತು. ಮಾರ್ಥಾ ಅವರ ಕಲಿಕೆಯೂ ಹಾಗೆಯೇ ಮನೆಯೊಳಗೆ ನಡೆದದ್ದು. ಹೆಣ್ಣುಮಕ್ಕಳ ವಿದ್ಯಾಲಯಕ್ಕೆ ಅವರ ಹೆಸರನ್ನಿಟ್ಟದ್ದು ದೇಶದ ಮೊದಲ ಗೃಹಿಣಿ ಎಂಬ ಗೌರವದಿಂದ; ಅವರಿಗೂ ಅಬಿಂಗ್ಡನ್ನಿನ ಈ ಕಟ್ಟಡಕ್ಕೂ ಬೇರೆ ಸಂಬಂಧವಿಲ್ಲ. ಪಟ್ಟಣವು ಇರುವ ಜಿಲ್ಲೆಯ ಹೆಸರೂ ವಾಷಿಂಗ್ಟನ್ ಕೌಂಟಿ ಎಂದೇ.

ಇದೇ ರಾಜ್ಯದ ಫ್ರೆಡರಿಕ್ಸ್‌ಬರ್ಗ್ ನಗರದಲ್ಲಿ ಜಾರ್ಜ್ ವಾಷಿಂಗ್ಟನ್ ಅವರ ತಾಯಿಯ ಹೆಸರನ್ನು ಹೊತ್ತ ಮೇರಿ ವಾಷಿಂಗ್ಟನ್ ಕಾಲೇಜು ಎಂಬ ಇನ್ನೊಂದು ಸಂಸ್ಥೆ ಇತ್ತು. 1908ರಲ್ಲಿ ಶಿಕ್ಷಕಿಯರ ತರಬೇತಿ ಶಾಲೆಯಾಗಿ ಸ್ಥಾಪಿತವಾದ ಅದು ಈಗ ವಿಶ್ವವಿದ್ಯಾಲಯವಾಗಿದೆ. ಎರಡೂ ಹೆಣ್ಣುಮಕ್ಕಳ ಸಂಸ್ಥೆಗಳಾಗಿದ್ದುದರಿಂದ ಒಂದರ ಹೆಸರನ್ನು ಇನ್ನೊಂದಕ್ಕೆ ಬಳಸುವ ತಪ್ಪು ಮುದ್ರಿತ ಜೀವನಚರಿತ್ರೆಗಳಲ್ಲಿಯೂ ನುಸುಳಿದೆ. ಈಡಿತ್ ಬೋಲಿಂಗ್ ವಿಲ್ಸನ್ ಅವರು ಓದಿದ ಶಾಲೆಯನ್ನು 'ಮೇರಿ ವಾಷಿಂಗ್ಟನ್ ಕಾಲೇಜು' ಎಂದು ಬರೆದಿರುವುದು ಇಂತಹ ಒಂದು ತಪ್ಪು. ಅವರು ವಿದ್ಯಾರ್ಥಿನಿಯಾಗಿದ್ದಾಗ ಫ್ರೆಡರಿಕ್ಸ್‌ಬರ್ಗಿನ ಸಂಸ್ಥೆ ಹುಟ್ಟಿಯೇ ಇರಲಿಲ್ಲ.

'ಇನ್' ಎಂದರೆ ಊಟ ಮತ್ತು ವಸತಿ ಎರಡೂ ದೊರೆಯುವ ಪ್ರವಾಸಿಗೃಹ.

ಪ್ರೆಸ್ಟನ್ ಮನೆ

ಅಬಿಂಗ್ಡನ್ ಅಪಲೇಚಿಯನ್ ಪರ್ವತಶ್ರೇಣಿಯ ಕಣಿವೆಯೊಂದರಲ್ಲಿರುವ ಸಣ್ಣ ಪಟ್ಟಣ. ಇಂದಿಗೂ ಅದರ ಜನಸಂಖ್ಯೆ ಎಂಟು ಸಾವಿರದ ಆಸುಪಾಸಿನಲ್ಲಿದೆ. ಪಶ್ಚಿಮಕ್ಕೆ ಹೊಸ ನೆಲೆ ಅರಸಿ ಹೊರಟ ಬಿಳಿಯ ವಲಸಿಗರಿಗೆ ಇದು ಹಾದಿಯ ತಂಗುದಾಣವಾಗಿತ್ತು. ಊರಿನ ಹಳೆಯ ಹೆಸರು 'ವುಲ್ಫ್ ಹಿಲ್ಸ್', ಅಂದರೆ ತೋಳಗಳ ಗುಡ್ಡ. ಬೇಟೆಗಾರ ಡೇನಿಯಲ್ ಬೂನ್ ಇಲ್ಲಿ ಬೀಡುಬಿಟ್ಟಿದ್ದಾಗ ಗುಹೆಯೊಂದರಿಂದ ಬಂದ ತೋಳಗಳು ಅವನ ನಾಯಿಗಳ ಮೇಲೆ ಬಿದ್ದುವೆಂಬ ಐತಿಹ್ಯದಿಂದ ಆ ಹೆಸರು ಬಂದಿತು.

ಮನೆಯನ್ನು ಕಟ್ಟಿಸಿದ ಫ್ರಾನ್ಸಿಸ್ ಪ್ರೆಸ್ಟನ್ 1793ರಿಂದ 1797ರವರೆಗೆ ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದವರು, 1812ರ ಯುದ್ಧದಲ್ಲಿ ದಳಪತಿಯಾಗಿದ್ದವರು. ಅವರ ಪತ್ನಿ ಸಾರಾ ಬುಕನನ್ ಕ್ಯಾಂಪ್‌ಬೆಲ್ ಇನ್ನೂ ಪ್ರಸಿದ್ಧ ವಂಶಕ್ಕೆ ಸೇರಿದ್ದರು. ಸಾರಾ ಅವರ ತಂದೆ ವಿಲಿಯಂ ಕ್ಯಾಂಪ್‌ಬೆಲ್ 1780ರ ಕಿಂಗ್ಸ್ ಮೌಂಟನ್ ಕಾಳಗದ ನಾಯಕರಲ್ಲೊಬ್ಬರು. ತಾಯಿಯಾದ ಎಲಿಜಬೆತ್, ಸ್ವಾತಂತ್ರ್ಯ ಹೋರಾಟದ ವಾಗ್ಮಿ ಪ್ಯಾಟ್ರಿಕ್ ಹೆನ್ರಿಯ ತಂಗಿ. ಅಬಿಂಗ್ಡನ್ನಿಗೆ ಸಮೀಪದ ಸಾಲ್ಟ್‌ವಿಲ್‌ನಲ್ಲಿದ್ದ ಉಪ್ಪಿನ ಬಾವಿಗಳು ಸಾರಾ ಅವರ ತಂದೆಯ ಕಡೆಯಿಂದ ಬಂದ ಆಸ್ತಿ. ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ದೊಡ್ಡ ಕಡಾಯಿಗಳಲ್ಲಿ ಕುದಿಸಿ ಉಪ್ಪು ತೆಗೆಯುವ ಈ ಉದ್ಯಮ ಕುಟುಂಬದ ಐಶ್ವರ್ಯಕ್ಕೆ ಒಂದು ಮುಖ್ಯ ಆಧಾರವಾಗಿತ್ತು. ಅಲ್ಲಿ ದುಡಿದವರಲ್ಲಿ ಗುಲಾಮರನ್ನಾಗಿ ಇರಿಸಿಕೊಂಡಿದ್ದ ಕಪ್ಪುಜನರಿದ್ದರು. ಮನೆಯ ಕಥನದಲ್ಲಿ ಈ ಅಂಶ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ಒಂಬತ್ತು ಮಕ್ಕಳ ದೊಡ್ಡ ಸಂಸಾರಕ್ಕೆಂದು ಕಟ್ಟಿದ ಮನೆಗೆ ಆಗಿನ ಕಾಲದಲ್ಲಿ ಸುಮಾರು 15,000 ಡಾಲರ್ ವೆಚ್ಚವಾಯಿತೆಂದು ಹೇಳಲಾಗಿದೆ. ಮನೆ ಕಟ್ಟಿದ ಕೆಲವೇ ವರ್ಷಗಳಲ್ಲಿ ಪ್ರೆಸ್ಟನ್ ತೀರಿಕೊಂಡರು. ಮಕ್ಕಳಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಪ್ರೆಸ್ಟನ್ ದಕ್ಷಿಣ ಕ್ಯಾರೊಲೈನಾದಲ್ಲಿ ನೆಲೆಸಿ ಸೆನೆಟ್ ಸದಸ್ಯರಾದರು. ಮುಂದೆ ಆ ರಾಜ್ಯದ ಕಾಲೇಜಿನ ಅಧ್ಯಕ್ಷರೂ ಆದರು.

ಮನೆಯಿಂದ ವಿದ್ಯಾಲಯಕ್ಕೆ

1858ರಲ್ಲಿ ಕಾಲೇಜಿನ ಸ್ಥಾಪಕರು ಈ ಮನೆಯನ್ನು ಪ್ರೆಸ್ಟನ್ ಕುಟುಂಬದಿಂದ 21,000 ಡಾಲರಿಗೆ ಕೊಂಡರು. ವಿದ್ಯಾಲಯದ ಬೆನ್ನಿಗಿದ್ದದ್ದು ಮೆಥಡಿಸ್ಟ್ ಪಂಥದ ಹೋಲ್ಸ್ಟನ್ ಪ್ರಾಂತೀಯ ಸಭೆ. ಇದೇ ಮೆಥಡಿಸ್ಟರು ಗಂಡುಮಕ್ಕಳಿಗಾಗಿ 1836ರಲ್ಲಿಯೇ ಅಬಿಂಗ್ಡನ್ನಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಎಮರಿ ಅಂಡ್ ಹೆನ್ರಿ ಕಾಲೇಜನ್ನು ಸ್ಥಾಪಿಸಿದ್ದರು. ಆ ಹೆಸರಿನ 'ಹೆನ್ರಿ' ಸಾರಾ ಪ್ರೆಸ್ಟನ್ ಅವರ ಸೋದರಮಾವ ಪ್ಯಾಟ್ರಿಕ್ ಹೆನ್ರಿಯೇ. ಅಣ್ಣತಮ್ಮಂದಿರ ಕಾಲೇಜು ಆರಂಭವಾಗಿ ಎರಡು ದಶಕಗಳು ಕಳೆದ ಮೇಲೆ ಅಕ್ಕತಂಗಿಯರಿಗೂ ಒಂದು ಸಂಸ್ಥೆ ದೊರೆಯಿತು. ತರಗತಿಗಳು ಆರಂಭವಾದದ್ದು 1860ರಲ್ಲಿ.

ಇಲ್ಲಿ 'ಕಾಲೇಜು' ಎಂಬ ಮಾತನ್ನು ಇಂದಿನ ಅರ್ಥದಲ್ಲಿ ತೆಗೆದುಕೊಳ್ಳುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹೆಣ್ಣುಮಕ್ಕಳ ಕಾಲೇಜುಗಳೆಂದು ಕರೆಸಿಕೊಂಡವುಗಳಲ್ಲಿ ಹೆಚ್ಚಿನವು ಹದಿಹರೆಯದವರ ವಸತಿ ಶಾಲೆಗಳು. ಭಾಷೆ, ಇತಿಹಾಸ, ಗಣಿತಗಳ ಜೊತೆಗೆ ಸಂಗೀತ, ಚಿತ್ರಕಲೆ, ಕಸೂತಿ, ಸಭ್ಯ ನಡವಳಿಕೆ ಇವು ಪಾಠಪಟ್ಟಿಯಲ್ಲಿರುತ್ತಿದ್ದವು. ಹುಡುಗಿಯನ್ನು ಒಳ್ಳೆಯ ಮನೆಯ ಗೃಹಿಣಿಯನ್ನಾಗಿ ಸಿದ್ಧಗೊಳಿಸುವುದು ಅನೇಕ ತಂದೆತಾಯಿಯರ ಅಪೇಕ್ಷೆಯಾಗಿತ್ತು. ಹಾಗೆಂದು ಇವುಗಳನ್ನು ತೀರ ಹಗುರವಾಗಿ ಕಾಣುವುದೂ ಸರಿಯಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯವು ಪದವಿ ತರಗತಿಗಳಿಗೆ ಗಂಡುಮಕ್ಕಳಿಗೆ ಸಮಾನವಾಗಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1970ರಲ್ಲಿ. ಅದಕ್ಕೆ ನೂರು ವರ್ಷ ಮೊದಲು, ಗುಡ್ಡಗಾಡಿನ ಸಣ್ಣ ಪಟ್ಟಣದಲ್ಲಿ, ಹುಡುಗಿಯೊಬ್ಬಳು ಮನೆಯಿಂದ ದೂರವಿದ್ದು ಪುಸ್ತಕ ಹಿಡಿದು ಕೂರಲು ಇದ್ದ ಅವಕಾಶಗಳು ಇಂತಹವೇ.

ಈ ಅವಕಾಶ ಬಿಳಿಯ ಕುಟುಂಬಗಳ ಮಕ್ಕಳಿಗೆ ಮಾತ್ರ ಮೀಸಲಾಗಿತ್ತು ಎಂಬುದನ್ನೂ ಹೇಳಬೇಕು. ಪ್ರೆಸ್ಟನ್ ಮನೆ ಕಟ್ಟಿದ ಹಿಂದಿನ ವರ್ಷ, 1831ರಲ್ಲಿ, ವರ್ಜೀನಿಯಾದ ಶಾಸನಸಭೆ ಕಪ್ಪುಜನರಿಗೆ ಓದುಬರಹ ಕಲಿಸುವ ಸಭೆಗಳನ್ನು ನಿಷೇಧಿಸಿ ಕಾನೂನು ಮಾಡಿತ್ತು. ವಿದ್ಯಾಲಯ ತೆರೆದಾಗಲೂ ಆ ನಿರ್ಬಂಧ ಜಾರಿಯಲ್ಲಿತ್ತು.

ಅಬಿಂಗ್ಡನ್ನಿನಂತಹ ಊರಿನಲ್ಲಿ ವಸತಿ ಶಾಲೆ ನಡೆಯುವುದಕ್ಕೆ ರೈಲು ನೆರವಾಯಿತು. ವರ್ಜೀನಿಯಾ–ಟೆನ್ನೆಸೀ ರೈಲುಮಾರ್ಗ 1856ರಲ್ಲಿ ಪಟ್ಟಣಕ್ಕೆ ತಲುಪಿತ್ತು. ಬಂಡಿಯಲ್ಲಿ ದಿನಗಟ್ಟಲೆ ಪ್ರಯಾಣ ಮಾಡಬೇಕಾಗಿದ್ದ ಊರುಗಳಿಂದ ಪೆಟ್ಟಿಗೆ ಹಾಸಿಗೆಗಳೊಂದಿಗೆ ಹುಡುಗಿಯರು ಬಂದಿಳಿಯುವುದು ಈಗ ಸಾಧ್ಯವಾಯಿತು.

ಅಂತರ್ಯುದ್ಧದ ವರ್ಷಗಳು

ತರಗತಿಗಳು ಆರಂಭವಾದ ಮರುವರ್ಷವೇ ಅಂತರ್ಯುದ್ಧ ಒದಗಿತು. 1861ರ ಏಪ್ರಿಲಿನಲ್ಲಿ ವರ್ಜೀನಿಯಾ ಒಕ್ಕೂಟದಿಂದ ಹೊರಬಂದು ದಕ್ಷಿಣದ ರಾಜ್ಯಗಳ ಪಕ್ಷ ಸೇರಿತು. ವಾಷಿಂಗ್ಟನ್ ಮೌಂಟೆಡ್ ರೈಫಲ್ಸ್ ಎಂಬ ಸ್ಥಳೀಯ ಅಶ್ವದಳ ವಿದ್ಯಾಲಯದ ಆವರಣದಲ್ಲಿ ತರಬೇತಿ ಪಡೆಯಿತು. ದಳದ ನಾಯಕ ವಿಲಿಯಂ ಜೋನ್ಸ್, ಸದಾ ಗೊಣಗುವ ಸ್ವಭಾವದಿಂದಾಗಿ 'ಗ್ರಂಬಲ್ ಜೋನ್ಸ್' ಎಂದೇ ಪ್ರಸಿದ್ಧರು. ಹತ್ತಿರದ ಬ್ರಿಸ್ಟಲಿನಲ್ಲಿ ವಕೀಲಿ ಮಾಡುತ್ತಿದ್ದ ಜಾನ್ ಮೋಸ್ಬಿ ಎಂಬ ತರುಣ ಈ ದಳವನ್ನು ಸಾಮಾನ್ಯ ಸಿಪಾಯಿಯಾಗಿ ಸೇರಿ, ಮುಂದೆ ಗೆರಿಲ್ಲಾ ಯುದ್ಧದ ನಾಯಕನಾಗಿ ಹೆಸರು ಮಾಡಿದರು.

ಪ್ರೆಸ್ಟನ್ ಮನೆತನಕ್ಕೆ ಐಶ್ವರ್ಯ ತಂದಿದ್ದ ಉಪ್ಪೇ ಈಗ ಯುದ್ಧವನ್ನು ಊರ ಬಾಗಿಲಿಗೆ ತಂದಿತು. ಮಾಂಸವನ್ನು ಕೆಡದಂತೆ ಇಡಲು ಉಪ್ಪು ಅನಿವಾರ್ಯ. ಅದಿಲ್ಲದೆ ಸೈನ್ಯಕ್ಕೆ ಆಹಾರ ಸಾಗಿಸುವಂತಿಲ್ಲ. ದಕ್ಷಿಣದ ರಾಜ್ಯಗಳಿಗೆ ಸಾಲ್ಟ್‌ವಿಲ್ ಪ್ರಮುಖ ಉಪ್ಪಿನ ಮೂಲವಾಗಿದ್ದುದರಿಂದ ಉತ್ತರದ ಸೇನೆ 1864ರಲ್ಲಿ ಎರಡು ಸಲ ಅದರ ಮೇಲೆ ದಾಳಿಮಾಡಿತು. ಅಕ್ಟೋಬರ್ 2ರ ಮೊದಲ ಕಾಳಗದಲ್ಲಿ ಉತ್ತರದ ಸೇನೆ ಹಿಮ್ಮೆಟ್ಟಿತು. ಗಾಯಗೊಂಡು ರಣರಂಗದಲ್ಲಿ ಉಳಿದಿದ್ದ ಅದರ ಕಪ್ಪು ಸೈನಿಕರನ್ನು ದಕ್ಷಿಣದವರು ಕೊಂದರು. ಆ ವೇಳೆಗೆ ಎಮರಿ ಅಂಡ್ ಹೆನ್ರಿ ಕಾಲೇಜು ಸೈನಿಕ ಆಸ್ಪತ್ರೆಯಾಗಿ ಮಾರ್ಪಟ್ಟಿತ್ತು. ಹತ್ಯೆ ಅಲ್ಲಿಯೂ ಮುಂದುವರಿಯಿತು. ಡಿಸೆಂಬರಿನಲ್ಲಿ ಸೇನಾನಿ ಸ್ಟೋನ್‌ಮನ್ ಅವರ ದಾಳಿಯಲ್ಲಿ ಉಪ್ಪಿನ ಕಾರ್ಖಾನೆ ಹಾಳಾಯಿತು, ಅಬಿಂಗ್ಡನ್ನಿನ ನ್ಯಾಯಾಲಯ ಸುಟ್ಟುಹೋಯಿತು. ಮಾರ್ಥಾ ವಾಷಿಂಗ್ಟನ್ ಕಾಲೇಜಿನ ಕಟ್ಟಡ ಮಾತ್ರ ಉಳಿದುಕೊಂಡಿತು.

ವಿದ್ಯಾರ್ಥಿನಿಯರು ಈ ದಿನಗಳಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದರೆಂದು ಹೋಟೆಲಿನ ಇತಿಹಾಸ ಹೇಳುತ್ತದೆ. ಸುತ್ತಮುತ್ತ ನಡೆಯುತ್ತಿದ್ದುದನ್ನು ನೋಡಿದರೆ ಇದು ಸಹಜವಾಗಿಯೇ ಕಾಣುತ್ತದೆ. ಆದರೆ ಈ ಮಾತಿಗೆ ಅಂಟಿಕೊಂಡು ಬೆಳೆದ ರೋಚಕ ಕತೆಗಳನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ.

ಈಡಿತ್ ಬೋಲಿಂಗ್

ಶಾಲೆಯಲ್ಲಿ ಓದಿದವರಲ್ಲಿ ಅತ್ಯಂತ ಪ್ರಸಿದ್ಧರು ಈಡಿತ್ ಬೋಲಿಂಗ್ (1872–1961). ಮುಂದೆ ರಾಷ್ಟ್ರಾಧ್ಯಕ್ಷ ವುಡ್ರೋ ವಿಲ್ಸನ್ ಅವರ ಎರಡನೆಯ ಪತ್ನಿಯಾದವರು ಇವರೇ. ಪ್ರಸಿದ್ಧ ವಿದ್ಯಾರ್ಥಿನಿ ಎಂಬ ಹೆಮ್ಮೆಯ ಪಟ್ಟಿಗೆ ಅವರ ಅನುಭವ ಅಷ್ಟಾಗಿ ಹೊಂದುವುದಿಲ್ಲ. ಆದರೂ ಶಾಲೆಯ ಒಳಗಿನ ಬದುಕನ್ನು ಅರಿಯಲು ಉಪಯುಕ್ತವಾದ ಸಾಕ್ಷ್ಯ ಅದು.

ಈಡಿತ್ ಅಬಿಂಗ್ಡನ್ನಿಗೆ ಸಮೀಪದ ವಿದ್‌ವಿಲ್ ಎಂಬ ಊರಿನವರು. ತಂದೆ ವಿಲಿಯಂ ಬೋಲಿಂಗ್ ನ್ಯಾಯಾಧೀಶರು. ಹಿಂದೆ ತೋಟಗಳನ್ನು ಹೊಂದಿದ್ದ ಈ ಕುಟುಂಬ ಯುದ್ಧಾನಂತರ ಅದನ್ನೆಲ್ಲ ಕಳೆದುಕೊಂಡು, ತುಂಬಿದ ಸಂಸಾರದೊಂದಿಗೆ ಆ ಊರಿಗೆ ಬಂದು ನೆಲೆಸಿತ್ತು. ಈಡಿತ್ ಬಾಲ್ಯದಲ್ಲಿ ಶಾಲೆಗೆ ಹೋದವರಲ್ಲ. ಕುದುರೆಯಿಂದ ಬಿದ್ದು ಅಂಗವಿಕಲರಾಗಿದ್ದ ಅಜ್ಜಿಯ ಆರೈಕೆ ಮಾಡುತ್ತ, ಅವರು ಸಾಕಿದ್ದ 26 ಹಾಡುಹಕ್ಕಿಗಳನ್ನು ನೋಡಿಕೊಳ್ಳುತ್ತ, ಆ ಅಜ್ಜಿಯಿಂದಲೇ ಅಕ್ಷರ, ಲೆಕ್ಕ, ಹೊಲಿಗೆಗಳನ್ನು ಕಲಿತರು. ಹದಿನೈದನೆಯ ವಯಸ್ಸಿನಲ್ಲಿ ತಂದೆ ಅವರನ್ನು ಮಾರ್ಥಾ ವಾಷಿಂಗ್ಟನ್ ಕಾಲೇಜಿಗೆ ಸೇರಿಸಿದರು. ಸಂಗೀತ ಶಿಕ್ಷಣಕ್ಕೆ ಈ ಸಂಸ್ಥೆಗಿದ್ದ ಹೆಸರೇ ಅದಕ್ಕೆ ಕಾರಣ.

ಶಾಲೆ ಅವರಿಗೆ ಒಗ್ಗಲಿಲ್ಲ. ಊಟ ಚೆನ್ನಾಗಿಲ್ಲ, ಕೋಣೆಗಳಲ್ಲಿ ತಡೆಯಲಾರದ ಚಳಿ, ದಿನಚರಿ ಅತಿ ಕಟ್ಟುನಿಟ್ಟು ಎಂಬುದು ಅವರ ದೂರು. ಒಂದು ಅವಧಿ ಮುಗಿಯುತ್ತಲೇ ಬಿಟ್ಟು ಮನೆಗೆ ಹಿಂದಿರುಗಿದರು. ಒಂದು ವಿಷಯವನ್ನು ಇಲ್ಲಿ ಮರೆಯಬಾರದು. ಹದಿನೈದು ವರ್ಷ ಮನೆಯಲ್ಲಿಯೇ ಕಲಿತ ಮಗುವನ್ನು ಏಕಾಏಕಿ ಗಂಟೆಯ ಶಿಸ್ತಿಗೆ ಒಡ್ಡಿದರೆ ಅದು ಬಳಲುವುದು ಯಾವ ಕಾಲದಲ್ಲಿಯೂ ಇದ್ದದ್ದೇ; ಆದ್ದರಿಂದ ಈ ದೂರುಗಳಲ್ಲಿ ಶಾಲೆಯ ದೋಷವೆಷ್ಟು, ಪೂರ್ವಸಿದ್ಧತೆಯ ಕೊರತೆಯೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡು ವರ್ಷಗಳ ತರುವಾಯ ಅವರನ್ನು ರಿಚ್ಮಂಡಿನ ಇನ್ನೊಂದು ಬಾಲಕಿಯರ ಶಾಲೆಗೆ ಕಳಿಸಲಾಯಿತು. ಅಲ್ಲಿ ಅವರು ಸಂತೋಷವಾಗಿದ್ದರು. ಆದರೆ ಆ ಶಾಲೆ ವರ್ಷಾಂತ್ಯಕ್ಕೆ ಮುಚ್ಚಿತು. ಗಂಡುಮಕ್ಕಳ ಓದಿನ ಖರ್ಚು ಮುಂದಿದ್ದುದರಿಂದ ಮಗಳ ಶಿಕ್ಷಣಕ್ಕೆ ಇನ್ನು ಹಣ ಹಾಕಲು ತಂದೆ ಒಪ್ಪಲಿಲ್ಲ. ಅಲ್ಲಿಗೆ ಅವರ ಓದು ಮುಗಿಯಿತು.

1915ರ ಡಿಸೆಂಬರಿನಲ್ಲಿ ಈಡಿತ್ ರಾಷ್ಟ್ರಾಧ್ಯಕ್ಷ ವಿಲ್ಸನ್ ಅವರನ್ನು ವಿವಾಹವಾದರು. 1919ರ ಅಕ್ಟೋಬರಿನಲ್ಲಿ ವಿಲ್ಸನ್ ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದ ಮೇಲೆ, ಯಾವ ಕಾಗದಪತ್ರ ಅವರ ಮುಂದೆ ಹೋಗಬೇಕು, ಯಾವ ಮಂತ್ರಿ ಅವರನ್ನು ಕಾಣಬಹುದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದವರು ಈಡಿತ್. ತಾವಾಗಿ ಯಾವ ರಾಜಕೀಯ ತೀರ್ಮಾನವನ್ನೂ ತೆಗೆದುಕೊಳ್ಳಲಿಲ್ಲವೆಂದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇತಿಹಾಸಕಾರರಲ್ಲಿ ಅನೇಕರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಮಹಿಳೆಯರ ಮತದಾನದ ಚಳವಳಿಗೆ ಈಡಿತ್ ಅವರ ಬೆಂಬಲವಿರಲಿಲ್ಲ. ಆ ಹಕ್ಕನ್ನು ಕೊಟ್ಟ ಸಂವಿಧಾನ ತಿದ್ದುಪಡಿಯು 1920ರ ಆಗಸ್ಟಿನಲ್ಲಿ, ವಿಲ್ಸನ್ ಇನ್ನೂ ಅಧಿಕಾರದಲ್ಲಿದ್ದಾಗಲೇ, ಜಾರಿಗೆ ಬಂದಿತು.

ಮುಚ್ಚುಗಡೆ

ಇಪ್ಪತ್ತನೆಯ ಶತಮಾನ ಆರಂಭವಾಗುತ್ತಿದ್ದಂತೆ ಇಂತಹ ಶಾಲೆಗಳ ಕಾಲ ಬದಲಾಯಿತು. ವರ್ಜೀನಿಯಾ ಸರ್ಕಾರ ಶಿಕ್ಷಕಿಯರನ್ನು ತಯಾರುಮಾಡುವ ಸಂಸ್ಥೆಗಳನ್ನು ಸ್ಥಾಪಿಸತೊಡಗಿತು. ಫಾರ್ಮ್‌ವಿಲ್‌ನಲ್ಲಿ 1884ರಲ್ಲಿ ಒಂದು ಆರಂಭವಾಗಿತ್ತು. 1910ರಲ್ಲಿ ಇದೇ ನೈಋತ್ಯ ಭಾಗದ ರ‍್ಯಾಡ್‌ಫರ್ಡಿನಲ್ಲಿಯೂ ಒಂದು ಮಂಜೂರಾಯಿತು. ಅಲ್ಲಿ ಓದಿದರೆ ಕೈಗೆ ಉದ್ಯೋಗ ಸಿಗುತ್ತಿತ್ತು. ಮೆಥಡಿಸ್ಟರದೇ ಆದ ರ‍್ಯಾಂಡಾಲ್ಫ್–ಮೇಕನ್ ಮಹಿಳಾ ಕಾಲೇಜು 1890ರ ದಶಕದಲ್ಲಿ ಲಿಂಚ್‌ಬರ್ಗಿನಲ್ಲಿ ಆರಂಭವಾಗಿ, ಗಂಡುಮಕ್ಕಳ ಕಾಲೇಜುಗಳಿಗೆ ಸಮನಾದ ಪದವಿ ಶಿಕ್ಷಣ ನೀಡುವ ಸಂಸ್ಥೆಯಾಗಿ ಬೆಳೆಯಿತು. ಇತ್ತ ಸರ್ಕಾರಿ ಪ್ರೌಢಶಾಲೆಗಳು ಹೆಚ್ಚಿದಂತೆಲ್ಲ ಹದಿಹರೆಯದ ಮಗಳನ್ನು ದೂರದ ವಸತಿ ಶಾಲೆಗೆ ಹಣ ಕೊಟ್ಟು ಕಳಿಸುವ ಅಗತ್ಯವೂ ಕಡಿಮೆಯಾಯಿತು. ಹೀಗೆ ಮೇಲಿನಿಂದಲೂ ಕೆಳಗಿನಿಂದಲೂ ಒತ್ತಡ ಬಿದ್ದಾಗ ನಡುವಿನ ಸಂಸ್ಥೆಗಳು ಸೊರಗಿದವು.

1918ರಲ್ಲಿ ಮಾರ್ಥಾ ವಾಷಿಂಗ್ಟನ್ ಕಾಲೇಜಿನ ಆಡಳಿತವನ್ನು ಎಮರಿ ಅಂಡ್ ಹೆನ್ರಿ ಕಾಲೇಜಿನೊಂದಿಗೆ ಸೇರಿಸಲಾಯಿತು. ಎರಡು ಆವರಣಗಳು ಮುಂದುವರಿದವು. 1929ರ ಆರ್ಥಿಕ ಕುಸಿತದ ಬಳಿಕ ಶುಲ್ಕ ಕೊಡಬಲ್ಲ ಕುಟುಂಬಗಳೇ ವಿರಳವಾದವು. ಆರ್ಥಿಕ ಮುಗ್ಗಟ್ಟು, ವಿಷಮಶೀತ ಜ್ವರದ ಹಾವಳಿ ಮತ್ತು ಕುಗ್ಗಿದ ವಿದ್ಯಾರ್ಥಿಸಂಖ್ಯೆ ಈ ಮೂರೂ ಸೇರಿ ಶಾಲೆ ಮುಚ್ಚಿತೆಂದು ಹೋಟೆಲಿನವರ ವಿವರಣೆ. ಮುಚ್ಚಿದ ವರ್ಷವನ್ನು ಕೆಲವರು 1931 ಎಂದೂ ಕೆಲವರು 1932 ಎಂದೂ ಕೊಡುತ್ತಾರೆ. ಅಬಿಂಗ್ಡನ್ನಿನಲ್ಲಿ ಅಂತರ್ಯುದ್ಧದ ನಂತರ ಪ್ರೆಸ್ಬಿಟೀರಿಯನ್ ಪಂಥದವರು ಸ್ಥಾಪಿಸಿದ್ದ ಸ್ಟೋನ್‌ವಾಲ್ ಜ್ಯಾಕ್ಸನ್ ಕಾಲೇಜು ಎಂಬ ಇನ್ನೊಂದು ಹೆಣ್ಣುಮಕ್ಕಳ ಸಂಸ್ಥೆಯೂ ಇದೇ ಸುಮಾರಿಗೆ ಮುಚ್ಚಿತು. ಎರಡು ತಲೆಮಾರುಗಳ ಕಾಲ ಹೆಣ್ಣುಮಕ್ಕಳ ಓದಿನ ಊರಾಗಿದ್ದ ಪಟ್ಟಣದಲ್ಲಿ ಕೆಲವೇ ವರ್ಷಗಳಲ್ಲಿ ಆ ಬಗೆಯ ಒಂದು ಸಂಸ್ಥೆಯೂ ಉಳಿಯಲಿಲ್ಲ.

ನಟರ ಬಿಡಾರ

ಖಾಲಿಬಿದ್ದ ಕಟ್ಟಡಕ್ಕೆ ಮತ್ತೆ ಜೀವ ತುಂಬಿದವರು ನಾಟಕದವರು. ಈ ಭಾಗದವರೇ ಆದ ರಾಬರ್ಟ್ ಪೋರ್ಟರ್‌ಫೀಲ್ಡ್ ನ್ಯೂಯಾರ್ಕಿನಲ್ಲಿ ನಟರಾಗಿದ್ದರು. ಆರ್ಥಿಕ ಕುಸಿತದಿಂದ ಅಲ್ಲಿ ನಾಟಕಶಾಲೆಗಳು ಮುಚ್ಚಿ, ಅವರೂ ಅವರ ಗೆಳೆಯರೂ ಹೊಟ್ಟೆಗಿಲ್ಲದೆ ಕುಳಿತಿದ್ದಾಗ ಪೋರ್ಟರ್‌ಫೀಲ್ಡ್ ಅವರಿಗೆ ತಮ್ಮ ಊರಿನ ನೆನಪಾಯಿತು. ಇಲ್ಲಿನ ರೈತರಲ್ಲಿ ಕೊಳ್ಳುವವರಿಲ್ಲದೆ ಕೊಳೆಯುವ ಬೆಳೆಯಿತ್ತು, ಹಣವಿರಲಿಲ್ಲ. ಅಲ್ಲಿನ ನಟರಲ್ಲಿ ನಾಟಕವಿತ್ತು, ಅನ್ನವಿರಲಿಲ್ಲ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬಹುದೆಂಬ ಯೋಚನೆಯಿಂದ ಹುಟ್ಟಿದ್ದು 'ಬಾರ್ಟರ್ ಥಿಯೇಟರ್', ಅಂದರೆ ವಿನಿಮಯದ ರಂಗಮಂದಿರ. 22 ಮಂದಿ ನಟರೊಂದಿಗೆ ಅವರು ಅಬಿಂಗ್ಡನ್ನಿಗೆ ಬಂದರು. 1933ರ ಜೂನ್ 10ರಂದು ಮೊದಲ ಪ್ರದರ್ಶನ ನಡೆಯಿತು. ಪ್ರವೇಶಕ್ಕೆ 40 ಸೆಂಟ್, ಇಲ್ಲವೇ ಅಷ್ಟು ಬೆಲೆಯ ತರಕಾರಿ, ಹಾಲು, ಮೊಟ್ಟೆ, ಕೋಳಿ ಯಾವುದಾದರೂ ಸರಿ. ಮೊದಲ ಹಂಗಾಮಿನ ಕೊನೆಗೆ ಕೈಯಲ್ಲಿ ಉಳಿದದ್ದು 4 ಡಾಲರ್ 35 ಸೆಂಟ್, ಎರಡು ಪೀಪಾಯಿ ಜೆಲ್ಲಿ. ನಟರೆಲ್ಲರ ಮೈತೂಕ ಒಟ್ಟಿನಲ್ಲಿ 300 ಪೌಂಡು ಏರಿತ್ತೆಂದು ರಂಗಮಂದಿರದವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಾಟಕಕಾರರಿಗೆ ಗೌರವಧನವಾಗಿ ಸಂಸ್ಕರಿಸಿದ ಹಂದಿಮಾಂಸ ಕಳಿಸುವ ರೂಢಿಯಿತ್ತು. ಸಸ್ಯಾಹಾರಿಯಾದ ಬರ್ನಾರ್ಡ್ ಷಾ ಅವರಿಗೆ ಅದರ ಬದಲು ಪಾಲಕ್ ಸೊಪ್ಪು ಹೋಯಿತಂತೆ.

ನಾಟಕ ನಡೆಯುತ್ತಿದ್ದ ಮಂದಿರ ವಿದ್ಯಾಲಯದ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿತ್ತು. ಮೂಲತಃ 1830ರ ದಶಕದ ಆರಂಭದಲ್ಲಿ ಪ್ರೆಸ್ಬಿಟೀರಿಯನ್ ಚರ್ಚಾಗಿ ಕಟ್ಟಿದ ಅದು ಆ ವೇಳೆಗೆ ಪುರಭವನವಾಗಿತ್ತು. ಹುಡುಗಿಯರು ಬಿಟ್ಟುಹೋದ ಕೋಣೆಗಳಲ್ಲಿ ನಟನಟಿಯರು ತಂಗಿದರು. ಮುಂದೆ ಹೋಟೆಲಾದ ಮೇಲೂ ಈ ನಂಟು ಮುಂದುವರಿಯಿತು. ಬಾರ್ಟರಿನಲ್ಲಿ ಅಭಿನಯಿಸಿ ಹೆಸರಾದ ಪೆಟ್ರೀಷಿಯಾ ನೀಲ್, ಅರ್ನೆಸ್ಟ್ ಬೋರ್ಗ್‌ನೈನ್, ನೆಡ್ ಬೀಟಿ ಮೊದಲಾದವರ ಹೆಸರುಗಳನ್ನು ಹೋಟೆಲು ತನ್ನ ಇತಿಹಾಸದಲ್ಲಿ ಸೇರಿಸಿಕೊಂಡಿದೆ. 1946ರಲ್ಲಿ ಬಾರ್ಟರ್ ಥಿಯೇಟರನ್ನು ವರ್ಜೀನಿಯಾದ ರಾಜ್ಯ ರಂಗಮಂದಿರವೆಂದು ಘೋಷಿಸಲಾಯಿತು.

ಹೋಟೆಲು

1935ರಲ್ಲಿ ಕಟ್ಟಡ ಮಾರ್ಥಾ ವಾಷಿಂಗ್ಟನ್ ಇನ್ ಎಂಬ ಹೆಸರಿನಲ್ಲಿ ಹೋಟೆಲಾಯಿತು. ಶಾಲೆ ಮುಚ್ಚಿದರೂ ಹೆಸರನ್ನು ಬದಲಿಸದಿದ್ದುದು ಗಮನಾರ್ಹ. ವಸತಿ ಶಾಲೆಯನ್ನು ಹೋಟೆಲಾಗಿ ಮಾರ್ಪಡಿಸುವುದು ಬೇರೆ ಬಗೆಯ ಕಟ್ಟಡಗಳನ್ನು ಮಾರ್ಪಡಿಸುವಷ್ಟು ತೊಡಕಿನದಲ್ಲ. ಮಲಗುವ ಕೋಣೆಗಳ ಸಾಲು, ದೊಡ್ಡ ಊಟದ ಮನೆ, ಅಡುಗೆಮನೆ, ಅತಿಥಿಗಳನ್ನು ಕೂರಿಸುವ ಪಡಸಾಲೆ ಇವೆಲ್ಲ ಮೊದಲೇ ಇರುತ್ತವೆ. ಅಬಿಂಗ್ಡನ್ನಿನಲ್ಲಿ ಎದುರಿಗೇ ನಾಟಕಶಾಲೆಯಿದ್ದುದರಿಂದ ತಂಗುವವರ ಕೊರತೆಯೂ ಆಗಲಿಲ್ಲ.

ಎಲೀನರ್ ರೂಸ್‌ವೆಲ್ಟ್, ಹ್ಯಾರಿ ಟ್ರೂಮನ್, ಲೇಡಿ ಬರ್ಡ್ ಜಾನ್ಸನ್, ಜಿಮ್ಮಿ ಕಾರ್ಟರ್ ಮತ್ತು ನಟಿ ಎಲಿಜಬೆತ್ ಟೇಲರ್ ಇಲ್ಲಿನ ಅತಿಥಿಗಳಾಗಿದ್ದರೆಂದು ಹೋಟೆಲು ಹೇಳಿಕೊಳ್ಳುತ್ತದೆ. ಇವರಲ್ಲಿ ಟೇಲರ್ ಅವರು ವರ್ಜೀನಿಯಾದ ಸೆನೆಟರ್ ಜಾನ್ ವಾರ್ನರ್ ಅವರ ಪತ್ನಿಯಾಗಿದ್ದವರು. ಎಲೀನರ್ ರೂಸ್‌ವೆಲ್ಟ್ ಈ ಸೀಮೆಯ ವೈಟ್ ಟಾಪ್ ಬೆಟ್ಟದ ಜಾನಪದ ಸಂಗೀತೋತ್ಸವಕ್ಕೆ ಬಂದದ್ದು 1933ರ ಆಗಸ್ಟಿನಲ್ಲಿ. ಆಗ ಈ ಕಟ್ಟಡವಿನ್ನೂ ಹೋಟೆಲಾಗಿರಲಿಲ್ಲ ಎಂಬುದು ನೆನಪಿನಲ್ಲಿರಬೇಕು.

1984ರಲ್ಲಿ ಯುನೈಟೆಡ್ ಕಂಪನಿ ಎಂಬ ಸಂಸ್ಥೆ ಹೋಟೆಲನ್ನು ಕೊಂಡು ಸುಮಾರು 80 ಲಕ್ಷ ಡಾಲರ್ ವೆಚ್ಚದಲ್ಲಿ ಜೀರ್ಣೋದ್ಧಾರ ಮಾಡಿಸಿತು. ಇಂದು ಅರವತ್ತಕ್ಕೂ ಹೆಚ್ಚು ಕೊಠಡಿಗಳಿವೆ. ಈಜುಕೊಳ, ಸ್ಪಾ ಮುಂತಾದ ಅನುಕೂಲಗಳೂ ಸೇರಿವೆ. ಹಳೆಯ ರೈಲುಮಾರ್ಗದ ಜಾಡಿನಲ್ಲಿ ನಿರ್ಮಿಸಿರುವ ವರ್ಜೀನಿಯಾ ಕ್ರೀಪರ್ ಟ್ರೇಲ್ ಎಂಬ ಸೈಕಲ್ ಹಾದಿ ಹೋಟೆಲಿನಿಂದ ಸ್ವಲ್ಪ ದೂರದಲ್ಲಿಯೇ ಆರಂಭವಾಗುತ್ತದೆ.

ಕಟ್ಟಡದ ನಡುಭಾಗವೇ ಪ್ರೆಸ್ಟನ್ನರ ಮೂಲ ಮನೆ. ಕೆಂಪು ಇಟ್ಟಿಗೆಯ ಗೋಡೆ, ಬಿಳಿಯ ಕಂಬಗಳ ಮೊಗಸಾಲೆ, ಅದರ ಮೇಲೆ ಸಾಲಾಗಿ ಇಟ್ಟ ತೂಗುಕುರ್ಚಿಗಳು ಹೋಟೆಲಿನ ಗುರುತಾಗಿವೆ. ಕುಟುಂಬದವರು ಕೂರುತ್ತಿದ್ದ ಹಜಾರ ಇಂದು ಹೋಟೆಲಿನ ಸ್ವಾಗತ ಕೊಠಡಿ. ಮೂಲ ಮನೆಯ ದೊಡ್ಡ ಮೆಟ್ಟಿಲಸಾಲು ಉಳಿದಿದೆ. ಒಂಬತ್ತು ಅಡಿಗೂ ಎತ್ತರವಾದ ನಿಲುಗಡಿಯಾರವೊಂದನ್ನು ಪ್ರೆಸ್ಟನ್ನರ ಮಗಳೊಬ್ಬಳು ಇಂಗ್ಲೆಂಡಿನಿಂದ ತರಿಸಿದಳೆಂದು ತೋರಿಸುತ್ತಾರೆ. ವಿದ್ಯಾಲಯದ ಕಾಲದಲ್ಲಿ ವಿದ್ಯಾರ್ಥಿನಿಯರ ವಾಸಕ್ಕೂ ಪಾಠಕ್ಕೂ ಸೇರಿಸಿದ ಭಾಗಗಳು ಮೂಲ ಮನೆಯ ಅಕ್ಕಪಕ್ಕದಲ್ಲಿವೆ. ಅಬಿಂಗ್ಡನ್ನಿನ ಹಳೆಯ ಪೇಟೆಯನ್ನು ಸಂರಕ್ಷಿತ ಐತಿಹಾಸಿಕ ಪ್ರದೇಶವಾಗಿ 1970ರಲ್ಲಿ ರಾಷ್ಟ್ರೀಯ ಪಟ್ಟಿಗೆ ಸೇರಿಸಲಾಗಿದ್ದು, ಈ ಕಟ್ಟಡವೂ ಅದರಲ್ಲಿ ಸೇರಿದೆ.

ದೆವ್ವದ ಕತೆಗಳು

ಹೋಟೆಲಿನ ಪ್ರಚಾರದಲ್ಲಿ ಕೆಲವು ಭೂತಕತೆಗಳಿಗೆ ದೊಡ್ಡ ಸ್ಥಾನವಿದೆ. ಬೆತ್ ಎಂಬ ವಿದ್ಯಾರ್ಥಿನಿ ಗಾಯಗೊಂಡ ಉತ್ತರದ ಸೈನಿಕನೊಬ್ಬನ ಆರೈಕೆ ಮಾಡುತ್ತ ಅವನಲ್ಲಿ ಮನಸ್ಸಿಟ್ಟಳು, ಸಾಯುವ ಗಳಿಗೆಯಲ್ಲಿ ಅವನಿಗಾಗಿ ಪಿಟೀಲು ನುಡಿಸಿದಳು, ತಾನೂ ಕೆಲವೇ ವಾರಗಳಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಳು, ಹುಣ್ಣಿಮೆಯ ರಾತ್ರಿ ಆ ಪಿಟೀಲಿನ ದನಿ ಈಗಲೂ ಕೇಳುತ್ತದೆ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ನೆಲದ ಹಲಗೆಯ ಮೇಲೆ ಮತ್ತೆಮತ್ತೆ ಮೂಡುವ ರಕ್ತದ ಕಲೆ, ಸವಾರನನ್ನು ಹುಡುಕುತ್ತ ಆವರಣದಲ್ಲಿ ಅಲೆಯುವ ಕುದುರೆ ಇವು ಉಳಿದವು.

ಇವು ಜನಪದ ಕತೆಗಳು, ಆ ಮಟ್ಟಿಗೆ ಸ್ವಾರಸ್ಯಕರವೂ ಹೌದು. ಬೆತ್‌ಳ ಕತೆಯನ್ನು ಶಾಲೆಯ ಇತಿಹಾಸವೆಂದು ಎತ್ತಿ ಬರೆಯುವುದು ಮಾತ್ರ ಸಲ್ಲದು. ಆ ಕತೆಯಲ್ಲಿ ವಿದ್ಯಾರ್ಥಿನಿಗೆ ಪ್ರೇಮವೂ ಸಾವೂ ಇದೆ, ಓದು ಇಲ್ಲ. ಸಂಗೀತ ಶಿಕ್ಷಣಕ್ಕೆ ಹೆಸರಾಗಿದ್ದ ಸಂಸ್ಥೆಯ ಕತೆಯಲ್ಲಿ ಪಿಟೀಲು ಉಳಿದುಕೊಂಡದ್ದು ಕಾಕತಾಳೀಯವೂ ಇರಬಹುದು.

ಶಾಲೆಯ ಕುರುಹುಗಳು

ಸಂಸ್ಥೆಯಾಗಿ ಮಾರ್ಥಾ ವಾಷಿಂಗ್ಟನ್ ಕಾಲೇಜಿನ ಉತ್ತರಾಧಿಕಾರಿ ಹೋಟೆಲಲ್ಲ, ಎಮರಿ ಅಂಡ್ ಹೆನ್ರಿ. ಇತ್ತೀಚೆಗೆ ವಿಶ್ವವಿದ್ಯಾಲಯವೆಂಬ ಹೆಸರು ಪಡೆದ ಆ ಸಂಸ್ಥೆಯಲ್ಲಿ ಈಗ ಗಂಡುಹೆಣ್ಣುಗಳಿಬ್ಬರೂ ಓದುತ್ತಾರೆ. ಅಲ್ಲಿನ ಒಂದು ವಿದ್ಯಾರ್ಥಿ ನಿಲಯಕ್ಕೆ ಮಾರ್ಥಾ ವಾಷಿಂಗ್ಟನ್ ಹೆಸರಿದೆ.

ಅಬಿಂಗ್ಡನ್ನಿನಲ್ಲಿ ಹೋಟೆಲಿನ ಹೊರಗೆ ಉಳಿದಿರುವ ಶಾಲೆಯ ಕಟ್ಟಡವೆಂದರೆ ಹಳೆಯ ವ್ಯಾಯಾಮಶಾಲೆ. ಮೊದಲು ಮೆಥಡಿಸ್ಟರ ಪ್ರಾರ್ಥನಾಮಂದಿರವಾಗಿದ್ದ ಇದನ್ನು ವಿದ್ಯಾಲಯವು ಹುಡುಗಿಯರ ಅಂಗಸಾಧನೆಗೆ ಬಳಸಿಕೊಂಡಿತ್ತು. ಶಾಲೆ ಮುಚ್ಚಿದ ಮೇಲೆ ಇದು ಬಾರ್ಟರ್ ಥಿಯೇಟರಿನ ಕೈಸೇರಿ, ದೀರ್ಘಕಾಲ 'ಸ್ಟೇಜ್ ಟೂ' ಎಂಬ ಹೆಸರಿನಲ್ಲಿ ಅದರ ಎರಡನೆಯ ರಂಗಮಂದಿರವಾಯಿತು. ಈಗಲೂ ಅಲ್ಲಿ ನಾಟಕಗಳು ನಡೆಯುತ್ತಿವೆ.